ನಗರ ಲಾಂಛನಗಳಲ್ಲಿ ಉಳಿದ ಸಂತರು: ಬೀಗದ ಕೈ, ಚಕ್ರ, ಕರಡಿ, ಮೀನು

ಪ್ರಶ್ನೆ: ಕೋಟೆಬಾಗಿಲು

ಸದಸ್ಯರೆಲ್ಲರಿಗೂ ನಮಸ್ಕಾರ. ಯುರೋಪಿನ ನಗರಗಳ ಲಾಂಛನಗಳನ್ನು ಕುರಿತು ಓದುತ್ತಿರುವಾಗ ನನ್ನಲ್ಲಿ ಎರಡು ಪ್ರಶ್ನೆಗಳು ಹುಟ್ಟಿವೆ. ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ವೆನಿಸ್ ನಗರ ಸಂತ ಮಾರ್ಕರ ರೆಕ್ಕೆಯ ಸಿಂಹವನ್ನು ತನ್ನ ಗುರುತಾಗಿ ಇಟ್ಟುಕೊಂಡಿರುವುದು ಸುಲಭವಾಗಿ ಅರ್ಥವಾಗುತ್ತದೆ. 828ರಲ್ಲಿ ಆ ಊರಿನ ವರ್ತಕರು ಅಲೆಕ್ಸಾಂಡ್ರಿಯದಿಂದ ಮಾರ್ಕರ ಪವಿತ್ರ ಅವಶೇಷಗಳನ್ನು ತಂದರೆಂದು ಪರಂಪರೆ ಹೇಳುತ್ತದೆ. ಅವುಗಳನ್ನು ಇರಿಸಲೆಂದೇ ಅಲ್ಲಿ ಮಹಾದೇವಾಲಯ ಎದ್ದಿತು. ಊರು ಇಂದಿಗೂ ಕಥೋಲಿಕ ಪರಂಪರೆಯದೇ. ಆದರೆ ಬ್ರೆಮೆನ್, ಲೈಡನ್, ಗ್ಲಾಸ್ಗೋ, ಓಸ್ಲೋ ಮೊದಲಾದ ನಗರಗಳ ಕಥೆ ಬೇರೆ. ಅವು 16ನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಮತಸುಧಾರಣೆಯನ್ನು ಒಪ್ಪಿಕೊಂಡವು. ಸಂತರ ಮಧ್ಯಸ್ಥಿಕೆಯನ್ನು ಬೇಡುವುದು ಸಲ್ಲದೆಂದು ಅಲ್ಲಿ ಬೋಧನೆ ನಡೆಯಿತು. ಎಷ್ಟೋ ದೇವಾಲಯಗಳಿಂದ ಪ್ರತಿಮೆಗಳು ಹೊರಬಿದ್ದವು, ಅವಶೇಷಗಳ ಪೆಟ್ಟಿಗೆಗಳು ಕರಗಿದವು. ಹಾಗಿದ್ದೂ ಬ್ರೆಮೆನ್ನಿನ ಗುರಾಣಿಯಲ್ಲಿ ಸಂತ ಪೇತ್ರರ ಬೀಗದ ಕೈ ಇದೆ. ಓಸ್ಲೋದ ಮುದ್ರೆಯಲ್ಲಿ ಸಂತ ಹಾಲ್ವಾರ್ಡ್ ಇಂದಿಗೂ ಕುಳಿತಿದ್ದಾರೆ. ದೇವಾಲಯದಿಂದ ಹೊರಟುಹೋದ ಸಂತರು ಪುರಸಭೆಯಲ್ಲಿ ಉಳಿದದ್ದು ಹೇಗೆ?

ಎರಡನೆಯ ಪ್ರಶ್ನೆ ಗುರುತಿಸುವಿಕೆಗೆ ಸಂಬಂಧಿಸಿದ್ದು. ಗುರಾಣಿಯ ಮೇಲೆ ಒಂದು ಚಕ್ರ, ಒಂದು ಬೀಗದ ಕೈ ಅಥವಾ ಒಂದು ಖಡ್ಗ ಮಾತ್ರ ಇದ್ದಾಗ ಅದು ಸಂತರೊಬ್ಬರ ಕುರುಹೋ, ಊರಿನ ಕಸುಬಿನ ಅಥವಾ ಕೋಟೆಯ ಕುರುಹೋ ಎಂದು ನಿರ್ಧರಿಸಲು ಯಾವ ಆಧಾರವಿದೆ?

ಉತ್ತರ 1: ಅರಗುಮುದ್ರೆ

ಮಾನ್ಯರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ಗುರಾಣಿಗಿಂತ ಮೊದಲು ಮುದ್ರೆಯಲ್ಲಿ ಹುಡುಕಬೇಕು. ನಗರಗಳು ಲಾಂಛನವುಳ್ಳ ಗುರಾಣಿಯನ್ನು ಬಳಸುವುದಕ್ಕೆ ಬಹಳ ಹಿಂದೆಯೇ, ಅಂದರೆ 12 ಮತ್ತು 13ನೆಯ ಶತಮಾನಗಳಲ್ಲಿ, ಮೇಣದ ಮೇಲೆ ಒತ್ತುವ ಮುದ್ರೆಗಳನ್ನು ಮಾಡಿಸಿಕೊಂಡವು. ಮುದ್ರೆ ಇಲ್ಲದ ಊರಿಗೆ ಕಾನೂನಿನ ಕಣ್ಣಿನಲ್ಲಿ ಸ್ವಂತ ಅಸ್ತಿತ್ವವೇ ಇರಲಿಲ್ಲವೆಂದರೆ ತಪ್ಪಾಗದು. ಸಾಲಪತ್ರ, ಒಪ್ಪಂದ, ಸನ್ನದು, ನೆರೆಯ ಊರಿನೊಡನೆ ಸಂಧಿ ಎಲ್ಲಕ್ಕೂ ಅದೇ ಸಾಕ್ಷಿ. ಆ ಕಾಲದ ಪೌರರು ತಮ್ಮನ್ನು ಒಂದು ಸಮುದಾಯವಾಗಿ ಕಂಡುಕೊಂಡದ್ದು ಊರಿನ ಪ್ರಧಾನ ದೇವಾಲಯದ ಪಾಲಕ ಸಂತರ ಆಶ್ರಯದಲ್ಲಿ. ಆದ್ದರಿಂದ ಮುದ್ರೆಯ ನಡುವೆ ಸಂತರ ಆಕೃತಿ ಬಂತು. ಮುಂದೆ ಗುರಾಣಿಯ ಪದ್ಧತಿ ಹರಡಿದಾಗ, ದೂರದಿಂದಲೂ ಗುರುತು ಹತ್ತುವಂತೆ ಚಿತ್ರವನ್ನು ಸರಳಗೊಳಿಸಬೇಕಾಯಿತು. ಅನೇಕ ಊರುಗಳಲ್ಲಿ ಸಂತರ ಪೂರ್ಣಾಕೃತಿ ಮರೆಯಾಗಿ ಅವರ ಕೈಯಲ್ಲಿದ್ದ ವಸ್ತು ಮಾತ್ರ ಉಳಿಯಿತು.

ಬ್ರೆಮೆನ್ನಿನ ಬೆಳ್ಳಿಯ ಬೀಗದ ಕೈ ಹೀಗೆಯೇ ಉಳಿದದ್ದು. ಅಲ್ಲಿನ ಪ್ರಧಾನಾಲಯ ಸಂತ ಪೇತ್ರರದ್ದು. ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ಯೇಸುಸ್ವಾಮಿ ಪೇತ್ರರಿಗೆ ಕೊಡುವುದಾಗಿ ಹೇಳಿದ ಮಾತು ಮತ್ತಾಯನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿದೆ. ಹಾಲೆಂಡಿನ ಲೈಡನ್ನಿನ ಬಿಳಿಯ ಗುರಾಣಿಯ ಮೇಲೆ ಅಡ್ಡಡ್ಡ ಇಟ್ಟ ಎರಡು ಕೆಂಪು ಬೀಗದ ಕೈಗಳೂ, ಜರ್ಮನಿಯ ರೇಗೆನ್ಸ್‌ಬುರ್ಗ್ ನಗರದ ಕೆಂಪು ಗುರಾಣಿಯ ಮೇಲಿನ ಎರಡು ಬೆಳ್ಳಿಯ ಬೀಗದ ಕೈಗಳೂ ಪೇತ್ರರವೇ. ಎರಡೂ ಊರುಗಳಲ್ಲಿ ಆ ಪ್ರೇಷಿತರ ಹೆಸರಿನ ದೊಡ್ಡ ದೇವಾಲಯಗಳಿವೆ.

ಮತಸುಧಾರಣೆ ಬಂದಾಗ ಪ್ರತಿಮೆಯನ್ನು ಇಳಿಸುವುದು ಒಂದು ದಿನದ ಕೆಲಸವಾಗಿತ್ತು, ಮುದ್ರೆಯನ್ನು ಬದಲಿಸುವುದು ಹಾಗಲ್ಲ. ಆ ಮುದ್ರೆಯ ಬಲದ ಮೇಲೆ ನಿಂತ ಹಳೆಯ ಹಕ್ಕುಗಳು, ಸುಂಕದ ವಿನಾಯಿತಿಗಳು, ಮಾರುಕಟ್ಟೆಯ ಅಧಿಕಾರಗಳು ಇದ್ದವು. ಅದು ನಮ್ಮದೇ ಎಂದು ತೋರಿಸಿಕೊಳ್ಳುವುದು ಊರಿಗೆ ಅಗತ್ಯವಾಗಿತ್ತು. ಇದಕ್ಕೆ ಬಹಳ ಸ್ಪಷ್ಟವಾದ ಸಾಕ್ಷಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್. ಅಲ್ಲಿನ ಪಾಲಕರು ಫೆಲಿಕ್ಸ್ ಮತ್ತು ರೆಗುಲಾ ಎಂಬ ಅಣ್ಣ ತಂಗಿ, ಜೊತೆಗೆ ಎಕ್ಸುಪೆರಾಂಟಿಯಸ್. ರೋಮನ್ನರ ಕಾಲದಲ್ಲಿ ಶಿರಚ್ಛೇದವಾದ ಮೇಲೆ ತಮ್ಮ ತಲೆಗಳನ್ನು ತಾವೇ ಕೈಯಲ್ಲಿ ಹಿಡಿದು ತಮ್ಮ ಸಮಾಧಿಯ ಸ್ಥಳಕ್ಕೆ ನಡೆದರೆಂಬುದು ಅವರ ಕಥೆ. 1520ರ ದಶಕದಲ್ಲಿ ಮತಸುಧಾರಕ ಹುಲ್ದ್ರಿಖ್ ಜ್ವಿಂಗ್ಲಿಯ ಪ್ರಭಾವದಿಂದ ಆ ನಗರದ ದೇವಾಲಯಗಳಿಂದ ಚಿತ್ರಗಳನ್ನೂ ಪ್ರತಿಮೆಗಳನ್ನೂ ತೆಗೆದುಹಾಕಿದರು. ಆದರೆ ತಲೆಯನ್ನು ಕೈಯಲ್ಲಿ ಹಿಡಿದ ಆ ಮೂವರು ರಕ್ತಸಾಕ್ಷಿಗಳು (ನಂಬಿಕೆಗಾಗಿ ಪ್ರಾಣ ಕೊಟ್ಟವರು) ಜ್ಯೂರಿಕ್ ಪ್ರಾಂತದ ಅಧಿಕೃತ ಮುದ್ರೆಯಲ್ಲಿ ಇಂದಿಗೂ ಇದ್ದಾರೆ. ನೀಲಿ ಬಿಳಿ ಬಣ್ಣಗಳನ್ನು ಓರೆಯಾಗಿ ಹಂಚಿದ ಜ್ಯೂರಿಕ್ ಗುರಾಣಿಯಲ್ಲಿ ಮಾತ್ರ ಸಂತರ ಸುಳಿವಿಲ್ಲ. ಪೂಜೆಯ ವಸ್ತುವೆಂಬ ಸ್ಥಾನದಿಂದ ಇಳಿದ ಸಂತರು ದಾಖಲೆಯ ಸಾಕ್ಷಿಗಳೆಂಬ ಸ್ಥಾನದಲ್ಲಿ ಉಳಿದುಕೊಂಡರು ಎಂಬುದು ನನ್ನ ತಿಳುವಳಿಕೆ.

ಉತ್ತರ 2: ಬಸದಿಯ ನೆರಳು

ಅರಗುಮುದ್ರೆಯವರ ವಿವರಣೆ ಬಹುಮಟ್ಟಿಗೆ ಸರಿಯಾಗಿದೆ. ಆದರೆ ಕಾನೂನಿನ ಅನುಕೂಲಕ್ಕಾಗಿ ಮಾತ್ರ ಸಂತರು ಉಳಿದರು ಎಂಬ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ. ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಸಣ್ಣ ಪಟ್ಟಣವನ್ನು ನೋಡಿರಿ.

ಪೂರ್ವ ಆಂಗ್ಲಿಯದ ದೊರೆ ಎಡ್ಮಂಡ್ 869ರಲ್ಲಿ ಡೇನ್ ದಾಳಿಕಾರರ ಕೈಗೆ ಸಿಕ್ಕಿ ಸತ್ತರು. ಕ್ರಿಸ್ತನನ್ನು ತೊರೆಯಲು ಒಪ್ಪದ ಅವರನ್ನು ಮರಕ್ಕೆ ಕಟ್ಟಿ ಬಾಣಗಳಿಂದ ಚುಚ್ಚಿ, ಕೊನೆಗೆ ತಲೆ ಕಡಿದು ಕಾಡಿನೊಳಗೆ ಎಸೆದರೆಂದು ಪುರಾಣ ಹೇಳುತ್ತದೆ. ಹುಡುಕಿಕೊಂಡು ಬಂದ ಪ್ರಜೆಗಳಿಗೆ 'ಇಲ್ಲಿ, ಇಲ್ಲಿ' ಎಂಬ ದನಿ ಕೇಳಿಸಿತು. ಹೋಗಿ ನೋಡಿದರೆ ತೋಳವೊಂದು ತನ್ನ ಮುಂಗಾಲುಗಳ ನಡುವೆ ಆ ತಲೆಯನ್ನಿಟ್ಟುಕೊಂಡು ಕಾಯುತ್ತಿತ್ತು. ಪಟ್ಟಣದ ನೀಲಿ ಗುರಾಣಿಯಲ್ಲಿ ಮೂರು ಚಿನ್ನದ ಕಿರೀಟಗಳಿವೆ. ಪ್ರತಿಯೊಂದನ್ನೂ ಅಡ್ಡಡ್ಡವಾಗಿ ಎರಡು ಬಾಣಗಳು ತೂರಿವೆ. ಗುರಾಣಿಯ ಮೇಲ್ಗಡೆ, ಶಿಖರದ ಸ್ಥಾನದಲ್ಲಿ, ದೊರೆಯ ತಲೆಯನ್ನು ಕಾಯುವ ಅದೇ ತೋಳ. ಈಗ ಕಾಲಕ್ರಮವನ್ನು ಗಮನಿಸಿರಿ. ಎಡ್ಮಂಡರ ಸಮಾಧಿಯಿದ್ದ ಮಠವನ್ನು ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1539ರಲ್ಲಿ, ಮುಚ್ಚಲಾಯಿತು. ಪಟ್ಟಣಕ್ಕೆ ಈ ಲಾಂಛನ ದೊರೆತದ್ದು 1606ರಲ್ಲಿ. ಮಠ ಮುಚ್ಚಿ ಎರಡು ತಲೆಮಾರುಗಳು ಕಳೆದ ಮೇಲೆ, ಪ್ರೊಟೆಸ್ಟೆಂಟ್ ಇಂಗ್ಲೆಂಡಿನಲ್ಲಿ, ಪ್ರೊಟೆಸ್ಟೆಂಟ್ ಪೌರರಿಗೆ, ಸಂತರ ಮರಣದ ಕಥೆಯನ್ನೇ ಚಿತ್ರವಾಗಿಸಿದ ಹೊಸ ಲಾಂಛನ ಬಂತು. ಇದನ್ನು ಹಳೆಯ ಮುದ್ರೆಯನ್ನು ಬಿಡಲಾರದ ಹಟವೆಂದು ಹೇಳಲಾಗದು. 'ದೊರೆಯ ಪುಣ್ಯಸ್ಥಳ, ಕಾನೂನಿನ ತೊಟ್ಟಿಲು' ಎಂಬ ಅರ್ಥದ ಲ್ಯಾಟಿನ್ ಧ್ಯೇಯವಾಕ್ಯವನ್ನೂ ಆ ಊರು ಹೆಮ್ಮೆಯಿಂದ ಇಟ್ಟುಕೊಂಡಿದೆ. ಸಂತರಿಲ್ಲದೆ ತಮ್ಮ ಊರಿಗೆ ಹೆಸರೂ ಇಲ್ಲ, ಇತಿಹಾಸವೂ ಇಲ್ಲ ಎಂಬುದನ್ನು ಆ ಜನ ಬಲ್ಲವರಾಗಿದ್ದರು.

ಗ್ಲಾಸ್ಗೋ ನಗರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸಂತರೊಬ್ಬರ ಇಡೀ ಚರಿತ್ರೆ ಒಂದೇ ಗುರಾಣಿಯೊಳಗೆ ಕುಳಿತ ಇಂತಹ ಉದಾಹರಣೆ ಅಪರೂಪ. ಅಲ್ಲಿನ ಸಂತ ಕೆಂಟಿಗರ್ನ್. ಜನ ಪ್ರೀತಿಯಿಂದ ಕರೆಯುವ ಹೆಸರು ಮಂಗೋ. 7ನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಅವರ ಜೀವನಚರಿತ್ರೆಯನ್ನು 12ನೆಯ ಶತಮಾನದ ಕೊನೆಯ ಭಾಗದಲ್ಲಿ ಫರ್ನೆಸ್ ಮಠದ ಜೋಸೆಲಿನ್ ಎಂಬ ಸನ್ಯಾಸಿ ಬರೆದರು. ಗುರಾಣಿಯಲ್ಲಿ ಒಂದು ಮರ, ಮರದ ಮೇಲೆ ಹಕ್ಕಿ, ಕೊಂಬೆಗೆ ತೂಗುಬಿಟ್ಟ ಗಂಟೆ, ಬುಡದಲ್ಲಿ ಉಂಗುರ ಕಚ್ಚಿದ ಮೀನು ಇವೆ. ಹಕ್ಕಿಯು ಗುರುಗಳಾದ ಸಂತ ಸರ್ಫ್ ಅವರು ಸಾಕಿದ್ದ ರಾಬಿನ್. ಸಹಪಾಠಿಗಳು ಅದನ್ನು ಕೊಂದು ತಪ್ಪನ್ನು ಮಂಗೋ ಮೇಲೆ ಹೊರಿಸಿದಾಗ, ಬಾಲಕ ಪ್ರಾರ್ಥಿಸಿ ಅದಕ್ಕೆ ಮತ್ತೆ ಜೀವ ಬರಿಸಿದನಂತೆ. ಮರದ ಕಥೆಯೂ ಆ ಮಠದ್ದೇ. ರಾತ್ರಿಯಿಡೀ ಬೆಂಕಿ ಆರದಂತೆ ಕಾಯುವ ಸರದಿ ಮಂಗೋನದಾಗಿದ್ದಾಗ ನಿದ್ದೆ ಹತ್ತಿತು, ಹೊಟ್ಟೆಕಿಚ್ಚಿನ ಹುಡುಗರು ಬೆಂಕಿಯನ್ನು ಆರಿಸಿದರು. ಎಚ್ಚರವಾದ ಮಂಗೋ ಮಂಜುಗಟ್ಟಿದ ಹೇಝಲ್ ಕೊಂಬೆಗಳನ್ನು ಮುರಿದು ತಂದು ಪ್ರಾರ್ಥನೆಯ ಬಲದಿಂದ ಹೊತ್ತಿಸಿದನು. ಕಥೆಯ ಆ ಪುಟ್ಟ ಕೊಂಬೆ ಲಾಂಛನದಲ್ಲಿ ಬೆಳೆದು ದಟ್ಟವಾದ ಓಕ್ ಮರವೇ ಆಗಿಬಿಟ್ಟಿದೆ! ಗಂಟೆಯನ್ನು ಮಂಗೋ ಅವರಿಗೆ ರೋಮಿನ ಪೋಪ್ ಕೊಟ್ಟರೆಂಬ ಪ್ರತೀತಿಯಿದೆ. ಮೂಲ ಗಂಟೆ ಕಳೆದುಹೋಗಿ, 1641ರಲ್ಲಿ ನಗರದ ಆಡಳಿತ ಬೇರೊಂದನ್ನು ಕೊಂಡುಕೊಂಡಿತು.

ಮೀನಿನ ಕಥೆಯನ್ನು ಓದುವಾಗ ಕನ್ನಡಿಗರಿಗೆ ಶಾಕುಂತಲೆಯ ಉಂಗುರ ನೆನಪಾಗದೆ ಇರದು. ಸ್ಟ್ರಾತ್‌ಕ್ಲೈಡಿನ ದೊರೆ ರಿಡ್ಡರ್ಖ್, ತಾನು ಕೊಟ್ಟ ಉಂಗುರವನ್ನು ರಾಣಿ ಲ್ಯಾಂಗ್ವೊರೆತ್ ಬೇರೊಬ್ಬನಿಗೆ ಕೊಟ್ಟಿರುವುದನ್ನು ಕಂಡನು. ಆ ಮನುಷ್ಯ ನಿದ್ದೆಹೋಗಿದ್ದಾಗ ಉಂಗುರವನ್ನು ಕಿತ್ತು ಕ್ಲೈಡ್ ನದಿಗೆ ಎಸೆದು, ಅದನ್ನು ತಂದು ತೋರಿಸೆಂದು ರಾಣಿಯನ್ನು ಒತ್ತಾಯಿಸಿದನು. ಪ್ರಾಣಭಯದಲ್ಲಿದ್ದ ರಾಣಿ ಮಂಗೋ ಅವರ ಮೊರೆಹೊಕ್ಕಳು. ಅವರು ಒಬ್ಬನನ್ನು ನದಿಗೆ ಕಳುಹಿಸಿ, ಮೊದಲು ಸಿಕ್ಕ ಮೀನನ್ನು ತರಹೇಳಿದರು. ತಂದ ಸಾಲ್ಮನ್ ಮೀನಿನಲ್ಲಿ ಉಂಗುರವಿತ್ತು. ಕಾಳಿದಾಸನ ಉಂಗುರ ಮರೆತುಹೋದ ಪ್ರೇಮವನ್ನು ನೆನಪಿಗೆ ತಂದರೆ, ಗ್ಲಾಸ್ಗೋದ ಉಂಗುರ ತಪ್ಪಿ ನಡೆದವಳಿಗೆ ಕ್ಷಮೆಯನ್ನು ದೊರಕಿಸಿತು.

ಸ್ಕಾಟ್ಲೆಂಡಿನಲ್ಲಿ 1560ರಲ್ಲಿಯೇ ಮತಸುಧಾರಣೆ ಜಾರಿಗೆ ಬಂದಿತ್ತು. ಗ್ಲಾಸ್ಗೋ ಈ ಲಾಂಛನವನ್ನು ಲಾರ್ಡ್ ಲಯನ್ ಎಂಬ ಅರಸೊತ್ತಿಗೆಯ ಲಾಂಛನಾಧಿಕಾರಿಯಿಂದ ವಿಧಿವತ್ತಾಗಿ ಪಡೆದದ್ದು ಮೂರು ಶತಮಾನ ಕಳೆದ ಮೇಲೆ, 1866ರಲ್ಲಿ. ಹಡಗುಕಟ್ಟೆಗಳೂ ಕಾರ್ಖಾನೆಗಳೂ ತುಂಬಿದ ಕೈಗಾರಿಕಾ ನಗರವಾಗಿದ್ದ ಕಾಲದಲ್ಲಿ. ಶಿಖರದಲ್ಲಿ ಆಶೀರ್ವದಿಸುವ ಮಂಗೋ ಅವರ ಅರ್ಧಾಕೃತಿಯನ್ನೂ, ಗುರಾಣಿಯ ಎರಡು ಪಕ್ಕಗಳಲ್ಲಿ ಉಂಗುರ ಹಿಡಿದ ಎರಡು ಸಾಲ್ಮನ್‌ಗಳನ್ನೂ ಅದರಲ್ಲಿ ಕಾಣಬಹುದು. ಎಂದೂ ಹಾರದ ಹಕ್ಕಿ, ಎಂದೂ ಬೆಳೆಯದ ಮರ, ಎಂದೂ ಬಾರಿಸದ ಗಂಟೆ, ಎಂದೂ ಈಜದ ಮೀನು ಎಂಬ ಅರ್ಥದ ಪದ್ಯವನ್ನು ಅಲ್ಲಿನ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಧರ್ಮೋಪದೇಶಕರು ಬಿಟ್ಟುಬಿಡಿರೆಂದರೂ ತಾಯಂದಿರು ಕಥೆ ಹೇಳುವುದನ್ನು ಬಿಡುವುದಿಲ್ಲ. ಉಳಿವಿನ ಕಾರಣಗಳಲ್ಲಿ ಅದಕ್ಕೂ ಸ್ಥಾನ ಕೊಡಬೇಕು.

ಗುರುತಿಸುವ ಬಗೆಯ ಕುರಿತು ಒಂದು ಮಾತು. ನಮ್ಮ ಬಸದಿಗಳಲ್ಲಿ ತೀರ್ಥಂಕರರ ವಿಗ್ರಹಗಳು ನೋಡಲು ಬಹುತೇಕ ಒಂದೇ ತೆರನಾಗಿರುತ್ತವೆ; ಪೀಠದ ಮೇಲಿನ ಲಾಂಛನ ಎತ್ತಾಗಿದ್ದರೆ ವೃಷಭನಾಥ, ಸಿಂಹವಾಗಿದ್ದರೆ ಮಹಾವೀರ ಎಂದು ತಿಳಿಯುತ್ತೇವೆ. ಸಂತರ ಕುರುಹುಗಳೂ ಹೀಗೆಯೇ ಕೆಲಸ ಮಾಡುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ಮರಣದ ಸಾಧನಗಳು ಎಂಬುದು ಕ್ರೈಸ್ತ ಪರಂಪರೆಯ ವಿಶೇಷ. ಪೌಲರ ಖಡ್ಗ, ಲಾರೆನ್ಸರನ್ನು ಸುಟ್ಟ ಕಬ್ಬಿಣದ ಜಾಲರಿ, ಕ್ಯಾಥರಿನ್ ಅವರ ಚಕ್ರ, ಅಂದ್ರೆಯರ ಓರೆಯ ಶಿಲುಬೆ ಎಲ್ಲವೂ ಕೊಂದವರ ಕೈಯಿಂದ ಬಂದವು. ರಕ್ತಸಾಕ್ಷಿಯ ಗೆಲುವಿನ ಗುರುತುಗಳಾಗಿ ಊರುಗಳು ಅವನ್ನು ಎತ್ತಿ ಹಿಡಿದವು.

ಉತ್ತರ 3: ಗಡಿಯಾರ ಗೋಪುರ

ಎರಡನೆಯ ಪ್ರಶ್ನೆಗೆ ನನ್ನ ಉತ್ತರವಿದು: ವಸ್ತುವನ್ನು ಮಾತ್ರ ನೋಡಿ ಸಂತರನ್ನು ಹೆಸರಿಸುವುದು ಅಪಾಯಕರ. ಊರಿನ ಹಳೆಯ ಮುದ್ರೆ, ಪ್ರಧಾನಾಲಯದ ಪಾಲಕ ಸಂತರ ಹೆಸರು ಮತ್ತು ಊರಿನ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಚರಿತ್ರೆ, ಇವನ್ನು ಒಟ್ಟಿಗೆ ಇಟ್ಟು ನೋಡಬೇಕು.

ಜರ್ಮನಿಯ ಮೈನ್ಸ್ ನಗರದ ಕೆಂಪು ಗುರಾಣಿಯಲ್ಲಿ ಶಿಲುಬೆಯಿಂದ ಜೋಡಿಸಿದ ಎರಡು ಬೆಳ್ಳಿಯ ಚಕ್ರಗಳಿವೆ. ಚಕ್ರ ಕಂಡೊಡನೆ ಅಲೆಕ್ಸಾಂಡ್ರಿಯದ ಕ್ಯಾಥರಿನ್ ಎಂದು ಹೇಳುವವರಿದ್ದಾರೆ. ಆದರೆ ಮೈನ್ಸಿನ ಪ್ರಧಾನಾಲಯ ಸಂತ ಮಾರ್ಟಿನರದ್ದು, ಆ ಚಕ್ರ ಅಲ್ಲಿನ ಮಹಾಧರ್ಮಾಧ್ಯಕ್ಷರ ಪೀಠದ ಲಾಂಛನ. 975ರಿಂದ 1011ರವರೆಗೆ ಆ ಪೀಠದಲ್ಲಿದ್ದ ವಿಲ್ಲಿಗಿಸ್ ಅವರ ತಂದೆ ಚಕ್ರ ಮಾಡುವ ಬಡಗಿಯಾಗಿದ್ದರೆಂದೂ, ಹುಟ್ಟಿದ ಮನೆತನವನ್ನು ಮರೆಯದಿರಲೆಂದು ಅವರು ಚಕ್ರವನ್ನು ಇಟ್ಟುಕೊಂಡರೆಂದೂ ಒಂದು ಜನಪ್ರಿಯ ಕಥೆಯಿದೆ. ಆ ಕಥೆಗೆ ಗಟ್ಟಿಯಾದ ಆಧಾರವಿಲ್ಲ. ಏನೇ ಇರಲಿ, ಕ್ಯಾಥರಿನ್ ಅವರ ಚಕ್ರದ ಅಂಚಿನಲ್ಲಿ ಸಾಮಾನ್ಯವಾಗಿ ಮೊಳೆಗಳೋ ಬಾಗಿದ ಅಲಗುಗಳೋ ಇರುತ್ತವೆ, ಅನೇಕ ಚಿತ್ರಗಳಲ್ಲಿ ಅದು ಮುರಿದೂ ಇರುತ್ತದೆ. ಮೈನ್ಸಿನ ಆರು ಕಡ್ಡಿಗಳ ಚಕ್ರ ಗಾಡಿಯ ಚಕ್ರದಂತೆ ನುಣುಪಾಗಿದೆ.

ಬೀಗದ ಕೈಯ ವಿಷಯದಲ್ಲೂ ಇದೇ ಎಚ್ಚರ ಬೇಕು. 1502ರಲ್ಲಿ ರಾಣಿ ಇಸಬೆಲ್ಲಾ ಜಿಬ್ರಾಲ್ಟರಿಗೆ ಕೊಟ್ಟ ಲಾಂಛನದಲ್ಲಿ ಕೋಟೆಯೂ ಅದರ ಬಾಗಿಲಿನಿಂದ ತೂಗುವ ಚಿನ್ನದ ಬೀಗದ ಕೈಯೂ ಇವೆ. ಅದು ಪೇತ್ರರದ್ದಲ್ಲ, ಸ್ಪೇನಿಗೆ ಆ ಬಂಡೆಯೇ ದ್ವಾರವೆಂಬ ಸೇನಾ ದೃಷ್ಟಿ ಅಲ್ಲಿದೆ. ಕರಡಿಗಳನ್ನೂ ಹೋಲಿಸಿ ನೋಡಬಹುದು. ಸ್ವಿಟ್ಜರ್‌ಲ್ಯಾಂಡಿನ ಬೆರ್ನ್ ನಗರದ ಕರಡಿಗೂ ಸಂತರಿಗೂ ಸಂಬಂಧವಿಲ್ಲ, ಅಲ್ಲಿರುವುದು 1191ರಲ್ಲಿ ಊರನ್ನು ಸ್ಥಾಪಿಸಿದ ಡ್ಯೂಕನ ಬೇಟೆಯ ಕಥೆ. ಅದೇ ದೇಶದ ಸಾಂಕ್ಟ್ ಗಾಲೆನ್ ನಗರದ ಕರಡಿ ಮಾತ್ರ ಸಂತರದ್ದೇ. 7ನೆಯ ಶತಮಾನದ ಆರಂಭದಲ್ಲಿ ಐರ್ಲೆಂಡಿನ ಪರಂಪರೆಯ ಸನ್ಯಾಸಿ ಗಾಲ್ ಅಲ್ಲಿನ ಕಾಡಿನಲ್ಲಿ ನೆಲೆಸಿದಾಗ ರಾತ್ರಿ ಕರಡಿಯೊಂದು ಬಂತು. ಅವರು ಅದಕ್ಕೆ ಬೆಂಕಿಗೆ ಸೌದೆ ತರಲು ಆಜ್ಞಾಪಿಸಿದರು. ಅದು ತಂದಿತು, ಅವರು ರೊಟ್ಟಿ ಕೊಟ್ಟರು. ಆ ಕರಡಿಯ ಕೊರಳಿಗೆ ಚಿನ್ನದ ಪಟ್ಟಿ ಬಂದದ್ದು ಚಕ್ರವರ್ತಿ ಮೂರನೆಯ ಫ್ರೆಡರಿಕ್ 1475ರಲ್ಲಿ ಕೊಟ್ಟ ಗೌರವದಿಂದ. ಮತಸುಧಾರಣೆಯ ಕಾಲದಲ್ಲಿ ಊರು ಪ್ರೊಟೆಸ್ಟೆಂಟ್ ಆಯಿತು, ಊರಿನ ನಡುವೆಯೇ ಇದ್ದ ಮಠ ಕಥೋಲಿಕವಾಗಿ ಉಳಿಯಿತು; ಎರಡೂ ಪಕ್ಷಗಳು ಕರಡಿಯನ್ನು ಬಿಟ್ಟುಕೊಡಲಿಲ್ಲ. ಮ್ಯೂನಿಕ್ಕಿನ ಗುರಾಣಿಯಲ್ಲಿ ಪುಸ್ತಕ ಹಿಡಿದ ಸನ್ಯಾಸಿಯೂ ಸಂತರಲ್ಲ, ಸನ್ಯಾಸಿಗಳಿಂದ ಊರಿಗೆ ಬಂದ ಹೆಸರಿನ ಸೂಚನೆ ಅಷ್ಟೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ನಡೆಯುತ್ತದೆ. ಲಂಡನ್ ನಗರದ ಗುರಾಣಿಯಲ್ಲಿ ಸಂತ ಜಾರ್ಜರ ಕೆಂಪು ಶಿಲುಬೆಯಿದ್ದು, ಮೇಲಿನ ಒಂದು ಮೂಲೆಯಲ್ಲಿ ಚಿಕ್ಕ ಕೆಂಪು ಖಡ್ಗವಿದೆ. 1381ರ ರೈತ ದಂಗೆಯ ನಾಯಕ ವಾಟ್ ಟೈಲರನನ್ನು ಇರಿದ ಮೇಯರ್ ವಿಲಿಯಂ ವಾಲ್ವರ್ತರ ಬಾಕು ಅದೆಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಟೈಲರ್ ಸತ್ತದ್ದು ಆ ವರ್ಷದ ಜೂನ್ 15ರಂದು. ಖಡ್ಗವುಳ್ಳ ಗುರಾಣಿಯನ್ನು ತೋರಿಸುವ ಮೇಯರರ ಹೊಸ ಮುದ್ರೆ ಏಪ್ರಿಲ್‌ನಲ್ಲಿಯೇ ಬಳಕೆಗೆ ಬಂದಿತ್ತು. ಅದು ನಗರದ ಪಾಲಕರಾದ, ಪ್ರಧಾನಾಲಯಕ್ಕೆ ಹೆಸರು ಕೊಟ್ಟ ಸಂತ ಪೌಲರ ಖಡ್ಗ. ರೋಮಿನಲ್ಲಿ ಅವರ ಶಿರಚ್ಛೇದವಾಯಿತೆಂಬ ಪರಂಪರೆಯಿಂದ ಬಂದದ್ದು. ದಂಗೆಯನ್ನು ಅಡಗಿಸಿದ ಆಯುಧವೆಂದು ಜನ ನಂಬಿದ್ದು, ವಾಸ್ತವದಲ್ಲಿ ಅಧಿಕಾರದ ಕೈಯಿಂದ ಸತ್ತವರೊಬ್ಬರ ಗುರುತು. ಇಷ್ಟು ದೊಡ್ಡ ಅರ್ಥವ್ಯತ್ಯಾಸ ಎರಡು ತಿಂಗಳ ಅಂತರದ ದಾಖಲೆಯಿಂದ ತೀರ್ಮಾನವಾಗುವುದಾದರೆ, ಮುದ್ರೆಗಳ ಅಧ್ಯಯನ ಎಷ್ಟು ಅಮೂಲ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೋಟೆಬಾಗಿಲು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಯಾಥರಿನ್ ಅವರ ಚಕ್ರದ ಪ್ರಸ್ತಾಪ ಬಂದುದರಿಂದ ಇನ್ನೊಂದು ವಿಷಯವನ್ನು ಕೇಳುತ್ತೇನೆ. ನಮ್ಮ ನೆರೆಯ ಗೋವೆಯ ಪೋರ್ಚುಗೀಸ್ ಕಾಲದ ಲಾಂಛನದಲ್ಲಿಯೂ ಒಂದು ಚಕ್ರವಿತ್ತಲ್ಲವೇ? ಅದು ಈ ಸಂತರದ್ದೇ?

ಉತ್ತರ 4: ಕಡಲ ದಾರಿ

ಹೌದು, ಅವರದ್ದೇ, ಅದರ ಕಾರಣ ಪಂಚಾಂಗದಲ್ಲಿದೆ. ಅಫೊನ್ಸೊ ದೆ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವೆಯನ್ನು ಎರಡನೆಯ ಸಲ, ಉಳಿಸಿಕೊಳ್ಳುವಂತೆ, ವಶಪಡಿಸಿಕೊಂಡದ್ದು 1510ರ ನವೆಂಬರ್ 25ರಂದು. ಅದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರಿನ್ ಅವರ ಹಬ್ಬದ ದಿನ. ಅವರನ್ನು ಕೊಲ್ಲಲು ತಂದ ಮೊಳೆಯ ಚಕ್ರ ಮುರಿದುಬಿತ್ತೆಂದೂ, ಕೊನೆಗೆ ಖಡ್ಗದಿಂದ ಶಿರಚ್ಛೇದ ಮಾಡಿದರೆಂದೂ ಅವರ ಪುರಾಣ ಹೇಳುತ್ತದೆ. ಗೆಲುವು ಅವರ ದಿನದಲ್ಲಿ ಬಂದುದರಿಂದ ಹೊಸ ನಗರಕ್ಕೆ ಅವರೇ ಪಾಲಕರಾದರು, ಚಕ್ರ ಲಾಂಛನಕ್ಕೆ ಬಂತು. ಹಳೆಯ ಗೋವೆಯ ಸೆ ಪ್ರಧಾನಾಲಯ ಅವರಿಗೇ ಸಮರ್ಪಿತವಾಗಿದೆ; ಅದರ ಮುಖ್ಯ ಬಲಿಪೀಠದ ಹಿಂದಿನ ಚಿನ್ನದ ಲೇಪದ ಮರಗೆತ್ತನೆಯಲ್ಲಿ ಅವರ ಜೀವನದ ಮತ್ತು ಮರಣದ ದೃಶ್ಯಗಳಿವೆ. ಪೋರ್ಚುಗೀಸ್ ಭಾರತದ ಲಾಂಛನದಲ್ಲಿ ಆ ಚಕ್ರ 20ನೆಯ ಶತಮಾನದಲ್ಲಿಯೂ ಇತ್ತು. 1961ರ ಡಿಸೆಂಬರಿನಲ್ಲಿ ಆ ಆಳ್ವಿಕೆಯೊಡನೆ ಲಾಂಛನದ ಬಳಕೆಯೂ ಮುಗಿಯಿತು. ಈ ಘಟನೆಯಲ್ಲಿ ಕರ್ನಾಟಕದ ಕರಾವಳಿಗೂ ಪಾಲಿದೆ: ಗೋವೆಯ ಮೇಲೆ ಏರಿಹೋಗುವಂತೆ ಅಲ್ಬುಕರ್ಕನನ್ನು ಪ್ರೇರೇಪಿಸಿ ಜೊತೆಗೂಡಿದವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯ.

ಬ್ರೆಮೆನ್ ಅಥವಾ ಗ್ಲಾಸ್ಗೋದಲ್ಲಿ ಸಂತರು ಊರಿನ ಮಣ್ಣಿನಿಂದ ಬಂದವರು ಅಥವಾ ಪೌರರು ತಾವೇ ಆರಿಸಿಕೊಂಡ ಆಶ್ರಯದಾತರು. ಗೋವೆಯ ಚಕ್ರ ಗೆದ್ದವರು ನೆಟ್ಟ ಗುರುತು. ಆ ದಿನ ಊರಿನಲ್ಲಿ ಹರಿದ ರಕ್ತದ ನೆನಪನ್ನು ಬಿಟ್ಟು ಅದನ್ನು ಓದಲಾಗದು ಎಂದು ನಾನು ತಿಳಿಯುತ್ತೇನೆ. ಆದರೂ ಭಕ್ತಿ ಅಲ್ಲಿಯೇ ನಿಂತುಹೋಗಲಿಲ್ಲ, ಗೋವೆಯ ಕ್ರೈಸ್ತರು ಆ ಸಂತರನ್ನು ತಮ್ಮವರೆಂದು ಸ್ವೀಕರಿಸಿದ್ದಾರೆ.

ಪೋರ್ಚುಗೀಸರ ರಾಜಧಾನಿ ಲಿಸ್ಬನ್ನಿನ ಲಾಂಛನವೂ ಸಂತರದ್ದೇ ಎಂಬುದನ್ನು ಇಲ್ಲಿ ಸೇರಿಸುತ್ತೇನೆ. ಅಲ್ಲಿ ಒಂದು ಹಡಗು, ಹಡಗಿನ ಎರಡು ತುದಿಗಳಲ್ಲಿ ಎರಡು ದೊಡ್ಡ ಕಾಗೆಗಳು ಇವೆ. 304ರ ಸುಮಾರಿಗೆ ಸ್ಪೇನಿನ ವೆಲೆನ್ಸಿಯಾದಲ್ಲಿ ರಕ್ತಸಾಕ್ಷಿಯಾದ ಸಂತ ವಿನ್ಸೆಂಟರ ದೇಹವನ್ನು ಕಾಗೆಗಳು ಕಾದವೆಂಬ ಕಥೆಯಿದೆ. 1173ರಲ್ಲಿ ದೊರೆ ಅಫೊನ್ಸೊ ಹೆನ್ರಿಕೆಸರ ಅಪ್ಪಣೆಯಂತೆ ಅವರ ಅವಶೇಷಗಳನ್ನು ಇಂದು ಅವರದೇ ಹೆಸರಿನ ಭೂಶಿರದಿಂದ ಹಡಗಿನಲ್ಲಿ ಲಿಸ್ಬನ್ನಿಗೆ ತಂದಾಗಲೂ ಎರಡು ಕಾಗೆಗಳು ಜೊತೆಗೆ ಬಂದವೆಂದು ಊರಿನ ಪರಂಪರೆ ಹೇಳುತ್ತದೆ. ಈ ಸಂತರ ಕುರುಹು ಮರಣದ ಸಾಧನವಲ್ಲ, ಸತ್ತ ಮೇಲೆ ಕಾದ ಜೀವಿಗಳು.

ಉತ್ತರ 5: ಅರಗುಮುದ್ರೆ

ಬಸದಿಯ ನೆರಳು ಅವರು ತೋರಿಸಿದ 1606ರ ಸನ್ನದು ಬಲವಾದ ಸಾಕ್ಷಿ. ಕಾನೂನಿನ ಕಾರಣದ ಜೊತೆಗೆ ಊರಿನ ಅಭಿಮಾನವನ್ನೂ ಎಣಿಸಬೇಕೆಂಬುದನ್ನು ಒಪ್ಪುತ್ತೇನೆ. ಆ ಅಭಿಮಾನದ ಇನ್ನೆರಡು ನಿದರ್ಶನಗಳನ್ನು ಹೇಳುತ್ತೇನೆ.

ಒಂದು ಕೊಲೋನ್. ಅಲ್ಲಿನ ಗುರಾಣಿಯ ಮೇಲಿನ ಕೆಂಪು ಪಟ್ಟಿಯಲ್ಲಿ ಮೂರು ಚಿನ್ನದ ಕಿರೀಟಗಳಿವೆ. ಶಿಶು ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳ ಅವಶೇಷಗಳನ್ನು 1164ರಲ್ಲಿ ಮಹಾಧರ್ಮಾಧ್ಯಕ್ಷ ರೈನಾಲ್ಡ್ ಮಿಲಾನಿನಿಂದ ತಂದರು. ಇಂದಿನ ಬೃಹತ್ ಪ್ರಧಾನಾಲಯ ಎದ್ದದ್ದು ಅವುಗಳಿಗಾಗಿ. ಕೆಳಗಿನ ಬಿಳಿಯ ಭಾಗದಲ್ಲಿ ಹನಿಗಳಂತೆಯೋ ಜ್ವಾಲೆಗಳಂತೆಯೋ ಕಾಣುವ ಹನ್ನೊಂದು ಕಪ್ಪು ಗುರುತುಗಳಿವೆ. ಅವು ಎರ್ಮಿನ್ ಎಂಬ ಪ್ರಾಣಿಯ ಬಾಲದ ತುದಿಗಳು. ಫ್ರಾನ್ಸಿನ ಬ್ರಿಟನಿ ಪ್ರಾಂತದ ಲಾಂಛನದಿಂದ ಬಂದು, ಆ ಕಡೆಯ ರಾಜಕುಮಾರಿಯೆಂದು ಹೇಳಲಾಗುವ ಸಂತ ಉರ್ಸುಲಾ ಮತ್ತು ಅವರೊಡನೆ ಕೊಲೋನಿನಲ್ಲಿ ಹತರಾದ ಕನ್ಯೆಯರನ್ನು ಸೂಚಿಸುತ್ತವೆ. ಕಥೆಯಲ್ಲಿ ಅವರ ಸಂಖ್ಯೆ 11,000. ಹನ್ನೊಂದು ಮಂದಿ ರಕ್ತಸಾಕ್ಷಿಗಳೆಂಬ ಅರ್ಥದ ಸಂಕ್ಷೇಪಾಕ್ಷರವನ್ನು ಮುಂದಿನವರು ಹನ್ನೊಂದು ಸಾವಿರವೆಂದು ಓದಿಕೊಂಡಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ.

ಇನ್ನೊಂದು, ಪ್ರಶ್ನೆಯಲ್ಲಿಯೇ ಬಂದ ಓಸ್ಲೋ. ಹಾಲ್ವಾರ್ಡ್ 11ನೆಯ ಶತಮಾನದ ಯುವಕ. ಕಳ್ಳತನದ ಆರೋಪ ಹೊತ್ತ ಗರ್ಭಿಣಿಯೊಬ್ಬಳು ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಬೇಡಿದಾಗ ಆತ ತನ್ನ ದೋಣಿಯಲ್ಲಿ ಆಶ್ರಯ ಕೊಟ್ಟನು. ಬೆನ್ನಟ್ಟಿದವರು ಇಬ್ಬರನ್ನೂ ಕೊಂದು, ಆತನ ದೇಹಕ್ಕೆ ಬೀಸುವ ಕಲ್ಲನ್ನು ಕಟ್ಟಿ ನೀರಿಗೆ ಎಸೆದರು. ದೇಹ ಕಲ್ಲಿನೊಡನೆಯೇ ತೇಲಿತೆಂದು ಕಥೆ. ನಗರದ ಲಾಂಛನದಲ್ಲಿ ಆತನ ಒಂದು ಕೈಯಲ್ಲಿ ಬೀಸುವ ಕಲ್ಲು, ಇನ್ನೊಂದರಲ್ಲಿ ಬಾಣಗಳು, ಪಾದದ ಬಳಿ ಆ ಹೆಂಗಸು. ಗುರಾಣಿಯ ಬದಲು ದುಂಡನೆಯ ಮುದ್ರೆಯ ಆಕಾರವನ್ನೇ ಓಸ್ಲೋ ಇಂದಿಗೂ ಬಳಸುತ್ತದೆ. ನಿರ್ದೋಷಿ ಎಂದು ನಂಬಿದವಳಿಗಾಗಿ ಪ್ರಾಣ ಕೊಟ್ಟವನನ್ನು ತನ್ನ ಗುರುತಾಗಿ ಇಟ್ಟುಕೊಳ್ಳಲು ಯಾವ ಮತಭೇದವೂ ಆ ಊರಿಗೆ ಅಡ್ಡಿಯಾಗಲಿಲ್ಲ.

ಸಂತರನ್ನು ನಿಜವಾಗಿಯೂ ಲಾಂಛನದಿಂದ ತೆಗೆದುಹಾಕಿದ ಊರುಗಳನ್ನು 20ನೆಯ ಶತಮಾನದ ಸೋವಿಯತ್ ಒಕ್ಕೂಟದಲ್ಲಿ ಕಾಣುತ್ತೇವೆ. ಮಾಸ್ಕೋದ ಸರ್ಪವನ್ನು ಇರಿಯುವ ಕುದುರೆ ಸವಾರ ಮೊದಲಿಗೆ ದೊರೆಯ ಆಕೃತಿಯಾಗಿದ್ದು, 18ನೆಯ ಶತಮಾನದಲ್ಲಿ ಅಧಿಕೃತವಾಗಿ ಸಂತ ಜಾರ್ಜ್ ಆದನು. ನಗರದ ಲಾಂಛನವಾಗಿ 1781ರಲ್ಲಿ ಮಂಜೂರಾದನು. 1924ರಲ್ಲಿ ಅವನ ಜಾಗಕ್ಕೆ ನಕ್ಷತ್ರ, ಸುತ್ತಿಗೆ, ಕುಡುಗೋಲುಗಳು ಬಂದವು; 1993ರಲ್ಲಿ ಅವನು ಮರಳಿದನು. ಲಿಥುವೇನಿಯದ ವಿಲ್ನಿಯಸ್ ನಗರ ಶಿಶು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರರ ಲಾಂಛನವನ್ನು 1991ರಲ್ಲಿ ಮತ್ತೆ ತಂದಿತು. ಪ್ರೊಟೆಸ್ಟೆಂಟ್ ಸುಧಾರಕರು ಸಂತರ ಪೂಜೆಯನ್ನು ವಿರೋಧಿಸಿದರೂ ಊರಿನ ಹಳೆಯ ಸನ್ನದುಗಳನ್ನು ತಮ್ಮವೆಂದೇ ಇಟ್ಟುಕೊಂಡರು. ಸೋವಿಯತ್ ಆಡಳಿತಕ್ಕೆ ಆ ಸನ್ನದುಗಳೇ ಬೇಡವಾಗಿದ್ದವು, ಆದ್ದರಿಂದ ಲಾಂಛನವೂ ಬೇಡವಾಯಿತು.